ಅದಾನೋ, ಐತೋ

ಮೊದಲ ದಿನ ಆ ಮನೆಯ ಹೊಸ್ತಿಲಲ್ಲಿ ನಿಂತು "ಪೇಷೆಂಟ್ ಎಲ್ಲಿದಾರೆ?" ಅಂತ ಕೇಳಿದೆ. ತಾಯಿ "ಒಳಗೆ ಅದಾನೆ, ಬರ್ರಿ ತಾಯಿ" ಅಂದರು. ಕೆಲಸಕ್ಕೆ ಹೊರಟಿದ್ದ ಅಣ್ಣ ಚಪ್ಪಲಿ ಮೆಟ್ಟುತ್ತಾ, ನನ್ನ ಮುಖ ನೋಡದೆ, "ನಡುಮನ್ಯಾಗೆ ಐತಿ ನೋಡ್ರಿ" ಅಂದ. ಅತ್ತಿಗೆ ಮಾತಾಡಲಿಲ್ಲ. ಒದ್ದೆ ಕೈಯಲ್ಲೇ ಪರದೆ ಸರಿಸಿದಳು.

ನಾನು ಫಿಸಿಯೋಥೆರಪಿಸ್ಟ್. ದಾವಣಗೆರೆಯಲ್ಲಿ ಮನೆ ಮನೆಗೆ ಹೋಗಿ ಲಕ್ವ ಹೊಡೆದವರಿಗೆ, ಸೊಂಟ ಮುರಿದವರಿಗೆ, ತಲೆಗೆ ಪೆಟ್ಟು ಬಿದ್ದವರಿಗೆ ವ್ಯಾಯಾಮ ಮಾಡಿಸುತ್ತೇನೆ. ಪ್ರತಿ ಕೇಸಿಗೂ ಒಂದೂವರೆ ಪುಟದ ಟಿಪ್ಪಣಿ ಬರೆದಿಡುವುದು ರೂಢಿ. ಇದು ಮಾತ್ರ ಉದ್ದವಾಯಿತು. ಬಾಗಿಲಲ್ಲಿ ಕೇಳಿದ ಆ ಎರಡು ಕ್ರಿಯಾಪದಗಳು 7 ತಿಂಗಳಾದರೂ ತಲೆಯಿಂದ ಇಳಿದಿಲ್ಲ. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಹೆಸರು ಹಾಕಿಲ್ಲ. ಮನೆಯಲ್ಲಿ ಅವನನ್ನು ಎಲ್ಲರೂ "ತಮ್ಮ" ಅಂತಲೇ ಕರೆಯುವುದರಿಂದ ನಾನೂ ಹಾಗೇ ಬರೆಯುತ್ತೇನೆ.

ಕನ್ನಡದಲ್ಲಿ ಒಂದು ವಾಕ್ಯ ಮುಗಿಸುವ ಹೊತ್ತಿಗೆ ಎದುರಿಗಿರುವುದು ಮನುಷ್ಯನೋ ಅಲ್ಲವೋ ಅಂತ ತೀರ್ಮಾನ ಆಗಿಬಿಟ್ಟಿರಬೇಕು. ನಾಯಿ ಬಂತು, ಬಸ್ಸು ಬಂತು, ಜ್ವರ ಬಂತು, ಮಾವ ಬಂದ. ತಪ್ಪಿಸಿಕೊಳ್ಳಲು ದಾರಿ ಕಡಿಮೆ. ಹೆಣ "ಇದೆ", ಮಲಗಿದವನು "ಇದ್ದಾನೆ". ಇವೆರಡರ ನಡುವೆ ಒಬ್ಬ ಸಿಕ್ಕಿಕೊಂಡರೆ ಬಾಯಿಗೆ ಯಾವುದು ಬರುತ್ತದೆ ಅನ್ನುವುದನ್ನು ಈ ಮನೆಯಲ್ಲಿ ವಾರಕ್ಕೆ ಎರಡು ದಿನ ಕೇಳಿಸಿಕೊಂಡಿದ್ದೇನೆ.

ಹಿನ್ನೆಲೆ

ವಯಸ್ಸು 26. ಮದುವೆಯಾಗಿಲ್ಲ. ಎಪಿಎಂಸಿ ಯಾರ್ಡಿನಲ್ಲಿ ಹಮಾಲಿ, ಮೆಕ್ಕೆಜೋಳದ ಸೀಸನ್ನಿನಲ್ಲಿ ರಾತ್ರಿ ಹಗಲು ಮೂಟೆ. ಮನೆ ಮಂಡಕ್ಕಿ ಭಟ್ಟಿಗಳ ಸಾಲಿನ ಹಿಂದಿನ ಓಣಿಯಲ್ಲಿದೆ, ಗೋಡೆಗೆಲ್ಲ ಹೊಗೆಯ ಬಣ್ಣ. ತಾಯಿ ಭಟ್ಟಿಯಲ್ಲೇ ಕೂಲಿಗೆ ಹೋಗುತ್ತಿದ್ದವರು.

ನವೆಂಬರಿನ ಒಂದು ರಾತ್ರಿ ಅಣ್ಣನ ಬೈಕ್ ತೆಗೆದುಕೊಂಡು ಬಾತಿ ಕಡೆಯಿಂದ ಊರಿಗೆ ಬರುತ್ತಿದ್ದ. ಸರ್ವಿಸ್ ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಒಣಹಾಕಿ, ಗಾಡಿ ಹತ್ತದಿರಲಿ ಅಂತ ಅಂಚಿಗೆ ಕಲ್ಲಿಟ್ಟಿದ್ದರು. ಸುಗ್ಗಿಯಲ್ಲಿ ಈ ಕಡೆಯ ಯಾವ ರಸ್ತೆಗೆ ಹೋದರೂ ಕಾಣುವ ನೋಟ ಇದು. ಚಕ್ರ ಕಾಳಿನ ಮೇಲೆ ಜಾರಿತು, ತಲೆ ಕಲ್ಲಿಗೆ ಹೊಡೆಯಿತು. ಹೆಲ್ಮೆಟ್ ಇತ್ತು, ಹ್ಯಾಂಡಲ್ಲಿಗೆ ನೇತುಹಾಕಿತ್ತು. ಎದುರು ಗಾಡಿಯಿಲ್ಲ, ಹಾಗಾಗಿ ಪರಿಹಾರದ ಕೇಸೂ ಇಲ್ಲ.

ಆಸ್ಪತ್ರೆಗೆ ಬಂದಾಗ ಜಿಸಿಎಸ್ (ಗ್ಲಾಸ್ಗೋ ಕೋಮಾ ಸ್ಕೇಲ್) 5. ಗ್ಲಾಸ್ಗೋದ ಇಬ್ಬರು ವೈದ್ಯರು 1974ರಲ್ಲಿ ರೂಪಿಸಿದ ಅಳತೆ ಅದು: ಕಣ್ಣು, ಮಾತು, ಅಂಗಾಂಗದ ಚಲನೆ, ಈ ಮೂರಕ್ಕೂ ಅಂಕ ಕೊಟ್ಟು ಕೂಡಿಸುತ್ತಾರೆ. ಪೂರ್ತಿ ಎಚ್ಚರವಿದ್ದರೆ 15, ಏನೂ ಇಲ್ಲದಿದ್ದರೆ 3. ಸತ್ತವರಿಗೂ 3 ಸಿಗುತ್ತದೆ. ಸೊನ್ನೆಯಿಂದ ಶುರುವಾಗದ ಅಳತೆ ಇದೊಂದೇ ಇರಬೇಕು ಅಂತ ಓದುವಾಗ ನಗುತ್ತಿದ್ದೆವು.

ಮಿದುಳು ಊದಿಕೊಂಡಿದ್ದರಿಂದ ಬಲಗಡೆಯ ತಲೆಬುರುಡೆಯ ಒಂದು ತುಂಡನ್ನು ತೆಗೆದು, ಕೆಡದಿರಲಿ ಅಂತ ಅವನದೇ ಹೊಟ್ಟೆಯ ಚರ್ಮದಡಿ ಹೊಲಿದಿಟ್ಟರು. ನಮ್ಮ ಕಡೆ ಇದು ಹೊಸ ವಿಷಯವಲ್ಲ. 47 ದಿನಕ್ಕೆ ಮನೆಗೆ ಕಳಿಸಿದರು. ಗಂಟಲಲ್ಲಿ ತೂತು, ಮೂಗಲ್ಲಿ ಗಂಜಿ ಹಾಕುವ ರೈಲ್ಸ್ ಟ್ಯೂಬ್, ಕೆಳಗೆ ಮೂತ್ರದ ಚೀಲ. ಗಂಟಲ ತೂತು ನಾಲ್ಕನೇ ತಿಂಗಳಿಗೆ ಮುಚ್ಚಿತು. ಬುರುಡೆಯ ತುಂಡು ಮಾತ್ರ ನಾನು ಹೋದಾಗಲೂ ಹೊಟ್ಟೆಯಲ್ಲೇ ಇತ್ತು, ಮತ್ತೊಂದು ಆಪರೇಷನ್ನಿಗೆ ದುಡ್ಡು ಹೊಂದಿರಲಿಲ್ಲ. ತಾಯಿ ಸ್ನಾನ ಮಾಡಿಸುವಾಗ ಅಲ್ಲಿ ಕೈಯಿಟ್ಟು "ಇದು ತಲೆ" ಅನ್ನುತ್ತಿದ್ದರು, ಬಸುರಿಯ ಹೊಟ್ಟೆ ಮುಟ್ಟಿ ಹೇಳಿದ ಹಾಗೆ.

ಡಿಸ್ಚಾರ್ಜ್ ಹಾಳೆಯಲ್ಲಿ "ಪರ್ಸಿಸ್ಟೆಂಟ್ ವೆಜಿಟೇಟಿವ್ ಸ್ಟೇಟ್" (ಪಿವಿಎಸ್) ಅಂತ ಬರೆದಿತ್ತು. 1972ರಲ್ಲಿ ಜೆನೆಟ್ ಮತ್ತು ಪ್ಲಮ್ ಎಂಬ ವೈದ್ಯರು ಇಟ್ಟ ಹೆಸರು. ಉಸಿರಾಟ, ಜೀರ್ಣ, ನಿದ್ದೆ, ಎಚ್ಚರ ತಮ್ಮಷ್ಟಕ್ಕೆ ನಡೆಯುತ್ತವೆ, ಒಳಗೆ ಯಾರೋ ಇರುವ ಗುರುತು ಮಾತ್ರ ಕಾಣುವುದಿಲ್ಲ. ತರಕಾರಿಗೂ ಅದಕ್ಕೂ ಸಂಬಂಧವಿಲ್ಲ, ಆದರೆ ಓಣಿಯಲ್ಲಿ ಒಬ್ಬ ಓದಿದ ಹುಡುಗ "ವೆಜಿಟೇಬಲ್ ಆಗ್ಯಾನಂತೆ" ಅಂತ ಹಬ್ಬಿಸಿದ್ದ. ಒಬ್ಬ ವೈದ್ಯರು ಮಾತ್ರ ಕನ್ನಡದಲ್ಲಿ ಹೇಳಲು ಹೋಗಿ "ಸಸ್ಯದ ಸ್ಥಿತಿ ಇದ್ದ ಹಾಗೆ, ಅಮ್ಮಾ" ಅಂದರಂತೆ. ತಾಯಿಗೆ ಕೇಳಿಸಿದ್ದು ಸಸಿ. "ಸಸಿ ಅಂದ್ರೆ ಚಿಗುರ್ತಾನೆ ಬಿಡ್ರಿ" ಅಂತ ಅವರು ಒಂದು ತಿಂಗಳು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದಾರೆ. ಯಾರೂ ತಿದ್ದಲು ಹೋಗಿಲ್ಲ. ನಾನೂ ತಿದ್ದಲಿಲ್ಲ.

ಕನ್ನಡಿ

ನಾನು ಹೋದದ್ದು ಏಳನೇ ತಿಂಗಳಲ್ಲಿ, ಕೈಕಾಲು ಸೆಟೆದುಕೊಳ್ಳದ ಹಾಗೆ ನೋಡಿಕೊಳ್ಳುವುದಕ್ಕೆ. ಅವನ ಎರಡೂ ಮುಷ್ಟಿ ಬಿಗಿದಿದ್ದವು. ಬೆರಳು ಬಿಡಿಸಿದರೆ ಅಂಗೈಯಲ್ಲಿ ಉಗುರು ನೆಟ್ಟ ನಾಲ್ಕು ಕೆಂಪು ಗೆರೆ, ಹುಳಿ ವಾಸನೆ. ಅತ್ತಿಗೆ ಎರಡು ದಿನಕ್ಕೊಮ್ಮೆ ಉಗುರು ಕತ್ತರಿಸುತ್ತಿದ್ದಳು, ಮಡಿಸಿದ ಹತ್ತಿಬಟ್ಟೆಯನ್ನು ಅಂಗೈಗೆ ತುರುಕುತ್ತಿದ್ದಳು.

ಗ್ರೀಸಿನ ಒಂದು ಹಳೇ ಕಥೆ ಆಗೆಲ್ಲ ನೆನಪಾಗುತ್ತಿತ್ತು. ಮನುಷ್ಯ ಅಂದರೆ ಪುಕ್ಕವಿಲ್ಲದ ಎರಡು ಕಾಲಿನ ಪ್ರಾಣಿ ಅಂತ ಪ್ಲೇಟೋ ಹೇಳಿದನಂತೆ. ಡಯೋಜಿನಿಸ್ ಒಂದು ಕೋಳಿಯ ಪುಕ್ಕ ತರಿದು ತಂದು "ತಗೊಳ್ಳಿ, ಪ್ಲೇಟೋನ ಮನುಷ್ಯ" ಅಂದನಂತೆ. ಆಮೇಲೆ ವ್ಯಾಖ್ಯೆಗೆ "ಅಗಲ ಉಗುರುಳ್ಳದ್ದು" ಅಂತ ಸೇರಿಸಿದರಂತೆ. ನಗೆಗೆ ಹೇಳುವ ಕಥೆ. ಆದರೆ ಅತ್ತಿಗೆ ನೇಲ್‌ಕಟರ್ ಹಿಡಿದು ಕೂತಿದ್ದನ್ನು ನೋಡುವಾಗ, ಇವನ ಮಟ್ಟಿಗೆ ಸಂಶಯವಿಲ್ಲದೆ ಉಳಿದಿರುವುದು ಆ ಕೊನೆಯ ತಿದ್ದುಪಡಿ ಒಂದೇ ಅನ್ನಿಸುತ್ತಿತ್ತು.

ಒಮ್ಮೆ "ಪಿವಿಎಸ್" ಅಂತ ಬರೆದ ಮೇಲೆ ಯಾರೂ ಮತ್ತೆ ಪರೀಕ್ಷೆ ಮಾಡಿರಲಿಲ್ಲ. ಬರೀ ನೋಡಿ ಹೇಳಿದ ರೋಗನಿರ್ಣಯ ಎಷ್ಟು ತಪ್ಪುತ್ತದೆ ಅನ್ನುವುದಕ್ಕೆ 2009ರ ಒಂದು ಅಧ್ಯಯನವಿದೆ. ವೈದ್ಯರ ತಂಡ ಈ ಹಣೆಪಟ್ಟಿ ಕೊಟ್ಟಿದ್ದ 44 ಮಂದಿಯನ್ನು ಅಳತೆಪಟ್ಟಿ ಹಿಡಿದು ಮತ್ತೆ ಪರೀಕ್ಷಿಸಿದಾಗ 18 ಮಂದಿಯಲ್ಲಿ ಅರಿವಿನ ಗುರುತು ಸಿಕ್ಕಿತು. ಆ ಅಳತೆಪಟ್ಟಿಯ ಈಗಿನ ರೂಪ 2004ರದ್ದು. ಕೇಳುವುದು, ನೋಡುವುದು, ಚಲನೆ, ಬಾಯಿ, ಸಂವಹನ, ಎಚ್ಚರ, ಹೀಗೆ ಆರು ಭಾಗ, ಒಟ್ಟು 23 ಅಂಕ. ಒಂದೇ ದಿನ ನೋಡಿ ಹೇಳಬಾರದು, ಎರಡು ವಾರದೊಳಗೆ ಐದು ಸಲವಾದರೂ ಮಾಡಬೇಕು ಅನ್ನುತ್ತಾರೆ. ಮಾಡಿದೆ.

ನೋಟದ ಪರೀಕ್ಷೆಗೆ ಕನ್ನಡಿ ಬೇಕು. ಚೆಂಡನ್ನೋ ಪೆನ್ನನ್ನೋ ಹಿಂಬಾಲಿಸದ ಕಣ್ಣು ಎಷ್ಟೋ ಸಲ ತನ್ನದೇ ಮುಖವನ್ನು ಹಿಂಬಾಲಿಸುತ್ತದೆ. ತಾಯಿ ದುಗ್ಗಮ್ಮನ ಜಾತ್ರೆಯಲ್ಲಿ ಕೊಂಡ ಕೆಂಪು ಪ್ಲಾಸ್ಟಿಕ್ ಚೌಕಟ್ಟಿನ ಕನ್ನಡಿ ಗೋಡೆಯ ಮೊಳೆಯಲ್ಲಿತ್ತು, ಅದನ್ನೇ ಇಳಿಸಿಕೊಂಡೆ. ಮುಖದಿಂದ ಒಂದು ಗೇಣಿಗಿಂತ ಹತ್ತಿರ ಹಿಡಿದು ನಿಧಾನವಾಗಿ ಬಲಕ್ಕೆ, ಎಡಕ್ಕೆ, ಮೇಲೆ, ಕೆಳಗೆ.

ಮೊದಲ ಭೇಟಿಯಲ್ಲಿ 7 ಅಂಕ. ಎರಡನೆಯದರಲ್ಲಿ 6, ಅವತ್ತು ತೂಕಡಿಕೆ ಜಾಸ್ತಿಯಿತ್ತು. ಮೂರನೇ ದಿನ ಕನ್ನಡಿ ಎಡಕ್ಕೆ ಹೋದಾಗ ಕಣ್ಣು ಹೋಯಿತು. ನಿಂತಿತು. ಬಲಕ್ಕೆ ತಂದೆ, ಮೊದಲು ಕರಿಗುಡ್ಡೆ ಅಲ್ಲೇ ಇತ್ತು, ಆಮೇಲೆ ಜಿಗಿಜಿಗಿಯಾಗಿ, ಕೆಟ್ಟ ರಸ್ತೆಯಲ್ಲಿ ಆಟೋ ಬಂದ ಹಾಗೆ, ಬಂತು. 9 ಅಂಕ. ನಾಲ್ಕನೇ ಭೇಟಿಗೆ ಮತ್ತೆ 7.

ಆ 9 ನನಗೆ ಬೇಕಾಗಿತ್ತು ಅನ್ನುವುದನ್ನೂ ಇಲ್ಲಿ ಬರೆಯಬೇಕು. ಅವನ ಕಣ್ಣು ಹೋದ ಕಡೆಗೆ ನಾನೇ ಕನ್ನಡಿ ತಿರುಗಿಸಿದೆನೋ ಏನೋ ಅಂತ ರಾತ್ರಿ ನಿದ್ದೆ ಬರಲಿಲ್ಲ. ಐದನೇ ಭೇಟಿಗೆ ಈ ಮನೆಯ ಕಥೆ ಗೊತ್ತಿಲ್ಲದ ನನ್ನ ಜೂನಿಯರ್ ಒಬ್ಬಳನ್ನು ಕರೆದುಕೊಂಡು ಹೋಗಿ ಅವಳ ಕೈಗೆ ಕೊಟ್ಟು ಹೊರಗೆ ನಿಂತೆ. 9.

7ಕ್ಕೂ 9ಕ್ಕೂ ನಡುವೆ ಇರುವ ಎರಡು ಅಂಕದಲ್ಲಿ ಹಣೆಪಟ್ಟಿ ಬದಲಾಗುತ್ತದೆ. ಕಣ್ಣು ಹಿಂಬಾಲಿಸಿದರೆ ಅದು ಸಸ್ಯಸ್ಥಿತಿ ಅಲ್ಲ, "ಕನಿಷ್ಠ ಪ್ರಜ್ಞೆಯ ಸ್ಥಿತಿ". 2002ರಿಂದೀಚೆಗೆ ಬಳಕೆಗೆ ಬಂದ ಹೆಸರು. ಸಂಜೆ ಅಣ್ಣನನ್ನು ಕೂರಿಸಿಕೊಂಡು ವಿವರಿಸಿದೆ. ಅವನು ಬೀಡಿ ಆರಿಸಿ ಕೇಳಿದ:

"ಹಂಗಾದ್ರೆ ಮೇಡಂ, ಮೊನ್ನೆವರೆಗೂ ಮನ್ಷ ಅಲ್ಲ, ಇವತ್ತು ಮನ್ಷ ಆದನಾ?"

ಅದು ಹಾಗಲ್ಲ, ಮೊದಲೂ ಇತ್ತು, ನಮಗೆ ಕಂಡಿರಲಿಲ್ಲ ಅಂದೆ.

"ಕಾಣ್ದೆ ಇರೋದು ಇನ್ನೂ ಎಷ್ಟು ಐತೋ ಯಾರಿಗೆ ಗೊತ್ತು."

ಅವನು ಬೇಸರದಲ್ಲಿ ಹೇಳಿದ್ದು. ಆದರೆ ವಿಜ್ಞಾನ ಬಂದು ನಿಂತಿರುವುದೂ ಅಲ್ಲೇ. 2006ರಲ್ಲಿ ಇಂಗ್ಲೆಂಡಿನಲ್ಲಿ ಅಪಘಾತವಾಗಿ 5 ತಿಂಗಳಿಂದ ಯಾವ ಸ್ಪಂದನೆಯೂ ಇಲ್ಲದ 23 ವರ್ಷದ ಹೆಣ್ಣುಮಗಳನ್ನು ಸ್ಕ್ಯಾನರಿನಲ್ಲಿ ಮಲಗಿಸಿ "ಟೆನಿಸ್ ಆಡುತ್ತಿದ್ದೀ ಅಂದುಕೋ" ಅಂದಾಗ, ಆರೋಗ್ಯವಂತರು ಹಾಗೆ ಅಂದುಕೊಂಡಾಗ ಮಿದುಳಿನ ಯಾವ ಭಾಗ ಚುರುಕಾಗುತ್ತದೋ ಅದೇ ಭಾಗ ಚುರುಕಾಯಿತು. 2024ರಲ್ಲಿ ಹಲವು ದೇಶಗಳ ಕೇಂದ್ರಗಳು ಸೇರಿ ಪ್ರಕಟಿಸಿದ ಅಧ್ಯಯನದಲ್ಲಿ, ಹೇಳಿದ್ದಕ್ಕೆ ಬೆರಳೂ ಅಲ್ಲಾಡಿಸದ 241 ಮಂದಿಯಲ್ಲಿ 60 ಮಂದಿ ಮಿದುಳಿನಲ್ಲಿ ಹೇಳಿದ ಮಾತು ನಡೆಸುತ್ತಿದ್ದರು. ನಾಲ್ಕರಲ್ಲಿ ಒಬ್ಬರು. ನನ್ನ ಬಳಿ ಇದ್ದದ್ದು ಜಾತ್ರೆಯ ಕನ್ನಡಿ.

ಹೆಬ್ಬೆಟ್ಟು

ಮನುಷ್ಯ ಅಂದರೆ ಏನು ಅಂತ ಸುಮ್ಮನೆ ಕೂತವರು ಯಾರೂ ಕೇಳುವುದಿಲ್ಲ. ಎಲ್ಲೋ ಒಂದು ಕಡೆ ಸಹಿ ಬೇಕಾದಾಗ ಕೇಳುತ್ತಾರೆ. ಈ ಕೇಸಿನಲ್ಲಿ ನಾನು ಕಲಿತದ್ದು ಹೆಚ್ಚಾಗಿ ಇದೇ.

ತಮ್ಮನ ಉಳಿತಾಯ ಖಾತೆಯಲ್ಲಿ 38,000 ರೂಪಾಯಿ ಇತ್ತು, ಮೂಟೆ ಹೊತ್ತು ಕೂಡಿಟ್ಟದ್ದು. ನಾಮಿನಿ ತಾಯಿ. ಬ್ಯಾಂಕಿನ ಕೌಂಟರಿನಲ್ಲಿ ಕೂತವರು ಒಳ್ಳೆಯವರೇ, ಆದರೆ ಅವರ ಪುಸ್ತಕದಲ್ಲಿ ಇರುವುದು ಎರಡೇ ದಾರಿ. "ಇದ್ರೆ ಕರ್ಕೊಂಡು ಬನ್ನಿ, ಇಲ್ಲಾಂದ್ರೆ ಸರ್ಟಿಫಿಕೇಟ್ ತನ್ನಿ." ಅಣ್ಣ ಇದನ್ನು ನನಗೆ ಹೇಳುವಾಗ ನಗುತ್ತಿದ್ದ. "ಎರಡೂ ಇಲ್ಲ ನೋಡ್ರಿ ನಮ್ಮತ್ರ." ಇಂಥವರಿಗೆ ಪೋಷಕರನ್ನು ನೇಮಿಸಲು ನೇರವಾದ ಕಾನೂನಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯದ ಹೆಸರು ಹೇಳುತ್ತದೆ, ಪ್ರಜ್ಞೆ ತಪ್ಪಿ ಮಲಗಿದವರ ಹೆಸರು ಹೇಳುವುದಿಲ್ಲ. ಆ ಖಾಲಿ ಜಾಗಕ್ಕೆ ಕೇರಳ ಹೈಕೋರ್ಟ್ 2019ರಲ್ಲಿ ಮಾರ್ಗಸೂಚಿ ಬರೆಯಬೇಕಾಯಿತು. ನಮ್ಮಲ್ಲೂ ಹೈಕೋರ್ಟಿಗೆ ಹೋಗಬಹುದು. 38,000ಕ್ಕೆ ಹೈಕೋರ್ಟಿಗೆ ಯಾರು ಹೋಗುತ್ತಾರೆ?

ರೇಷನ್ನಿನದು ಬೇರೆ ಕಥೆ. ಚೀಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಹೆಬ್ಬೆಟ್ಟು ಒತ್ತಿ ಇ-ಕೆವೈಸಿ ಮಾಡಿಸಬೇಕು, ಇಲ್ಲದಿದ್ದರೆ ಆ ತಲೆಯ ಅಕ್ಕಿ ಕಡಿತ. ನ್ಯಾಯಬೆಲೆ ಅಂಗಡಿಯವರು ಮಿಷನ್ನನ್ನು ಮನೆಗೇ ತಂದರು. ನಾನು ಅವತ್ತು ಅಲ್ಲೇ ಇದ್ದೆ. ಬಲಗೈ ಬಿಡಿಸುವ ಕೆಲಸ ನನ್ನ ಪಾಲಿಗೆ ಬಂತು.

ಬಿಸಿನೀರಿನ ಬಟ್ಟೆ ಸುತ್ತಿ ಐದು ನಿಮಿಷ ಬಿಟ್ಟೆ. ಮಣಿಕಟ್ಟು ಒಳಕ್ಕೆ ಬಾಗಿಸಿದರೆ ಬೆರಳು ತಾನಾಗಿ ಸಡಿಲವಾಗುತ್ತದೆ, ಅದು ಸ್ನಾಯುರಜ್ಜುಗಳ ಲೆಕ್ಕಾಚಾರ. ಕಿರುಬೆರಳಿನಿಂದ ಶುರುಮಾಡಿ ಒಂದೊಂದಾಗಿ ತೆರೆದೆ, ಕೊನೆಗೆ ಹೆಬ್ಬೆರಳು ಹೊರಗೆ ಬಂತು. ಅತ್ತಿಗೆ ಸೆರಗಿನಿಂದ ಒರೆಸಿದಳು. ಅಂಗಡಿಯವರು ಮಿಷನ್ ಮುಂದೆ ಚಾಚಿದರು. ಒತ್ತಿದೆ. ಹಸಿರು ದೀಪ, "ಯಶಸ್ವಿ" ಅಂತ ಹೆಂಗಸಿನ ದನಿ. ಒಂದೇ ಸಲಕ್ಕೆ.

ಅಣ್ಣ ಗೋಡೆಗೆ ಒರಗಿ ನಿಂತಿದ್ದವನು ಹೊರಗೆ ಹೋದ. ಆಮೇಲೆ ತಿಳಿಯಿತು: ಹಮಾಲಿ ಕೆಲಸದಲ್ಲಿ ಗೋಣಿಚೀಲ ಉಜ್ಜಿ ಉಜ್ಜಿ ತಮ್ಮನ ಬೆರಳಿನ ಗೆರೆ ಸವೆದು ಹೋಗಿದ್ದವು. ಓಡಾಡಿಕೊಂಡಿದ್ದಾಗ ಯಾವ ಮಿಷನ್ನೂ ಅವನನ್ನು ಒಪ್ಪುತ್ತಿರಲಿಲ್ಲ. ನಾಲ್ಕು ಸಲ, ಐದು ಸಲ ಒತ್ತಿ, ಕೂದಲಿಗೆ ಬೆರಳು ಸವರಿ ಮತ್ತೆ ಒತ್ತಿ, "ನಾನೇ ಅಲ್ಲಂತೆ ಕಣಣ್ಣ ನಾನು" ಅಂತ ಜೋಕು ಮಾಡಿ ವಾಪಸು ಬರುತ್ತಿದ್ದನಂತೆ. ಏಳೆಂಟು ತಿಂಗಳು ಮಲಗಿದ ಮೇಲೆ ಚರ್ಮ ಹೊಸದಾಗಿ, ಗೆರೆಗಳು ಮತ್ತೆ ಎದ್ದು ಬಂದಿವೆ.

ಹಮಾಲರ ಬಾಯಲ್ಲಿ ಮನುಷ್ಯನಿಗೆ "ಆಳು" ಅನ್ನುತ್ತಾರೆ. ಎಷ್ಟು ಆಳು ಬಂದಾರೆ, ಎರಡು ಆಳು ಕಮ್ಮಿ. ಆಳು ಅಂದರೆ ಮನುಷ್ಯನೂ ಹೌದು, ದುಡಿಯುವವನೂ ಹೌದು. ಕೆಲಸ ನಿಂತರೆ ಆಳಿನ ಲೆಕ್ಕದಿಂದ ಹೊರಗೆ. ಅಣ್ಣನೂ ಹಮಾಲನೇ. ಅವನ "ಐತಿ"ಯಲ್ಲಿ ಕ್ರೌರ್ಯ ಹುಡುಕುತ್ತಿದ್ದ ನನಗೆ ಇದು ಹೊಳೆಯಲು ತಡವಾಯಿತು.

ಅದೂ ಅಲ್ಲದೆ, ಭಾನುವಾರ ಅವನೇ ತಮ್ಮನಿಗೆ ಗಡ್ಡ ಹೆರೆಯುತ್ತಾನೆ. ಒಂದು ಸಲ ನೋಡಿದೆ. ಕೆನ್ನೆ ಒಳಗಿಂದ ಉಬ್ಬಿಸಿ ಕೊಡಲು ಅವನಿಗೆ ಬರುವುದಿಲ್ಲವಲ್ಲ, ಅಣ್ಣ ಬಾಯೊಳಗೆ ತನ್ನ ಬೆರಳು ಹಾಕಿ ಕೆನ್ನೆ ಹಿಗ್ಗಿಸಿ ಬ್ಲೇಡು ಆಡಿಸುತ್ತಿದ್ದ. ಹಲ್ಲು ಕಚ್ಚುವ ಅಭ್ಯಾಸವಿದೆ, ಬೆರಳಿಗೆ ಗಾಯದ ಗುರುತುಗಳಿವೆ. ಗದ್ದದ ಹತ್ತಿರ ಸಣ್ಣಗೆ ಕೊಯ್ದಿತು. "ಸಾರಿ ಕಣೋ" ಅಂದ. ನಾನು ಬಾಗಿಲಲ್ಲಿರುವುದು ಗೊತ್ತಾಗಿ ಗಂಟಲು ಸರಿಮಾಡಿಕೊಂಡು, "ರಕ್ತ ಬಂತು, ಡೆಟಾಲ್ ಐತೇನು?" ಅಂತ ಹೆಂಡತಿಯನ್ನು ಕೂಗಿದ.

ಸರ್ವನಾಮ ಹಿಡಿದು ತೀರ್ಪು ಕೊಡುವ ನನ್ನ ಜಾಣತನ ಮುರಿದದ್ದು ಇಷ್ಟಕ್ಕೇ ಅಲ್ಲ. ಒಂದು ಬೆಳಿಗ್ಗೆ ತಾಯಿಯೇ "ಅದಕ್ಕೆ ಹಸಿವಾಗೈತಿ ತಡೀರಿ" ಅಂದರು. ಬೆಚ್ಚಿಬಿದ್ದೆ. ಆಮೇಲೆ ನೋಡಿದರೆ ಅದು ಕೂಸಿಗೆ ಹೇಳುವ "ಅದು". ಮಗು ಅಳ್ತೈತಿ, ಮಗು ಮಲಗೈತಿ. ಕನ್ನಡದಲ್ಲಿ ಮನುಷ್ಯ ಹುಟ್ಟುವಾಗ "ಅದು", ನಡುವೆ ಕೆಲವು ವರ್ಷ "ಅವನು", ಹೆಣವಾದ ಮೇಲೆ ಮತ್ತೆ "ಅದು". ತಾಯಿ ಮಗನನ್ನು ಆ ತುದಿಯಿಂದ ಈ ತುದಿಗೆ ಎತ್ತಿಟ್ಟುಕೊಂಡಿದ್ದರು, ಅಷ್ಟೆ.

ತಾಯಿ ಮಾತಾಡಿಸುತ್ತಾರೆ, ಅದಕ್ಕೇ ಅವನು ಮನುಷ್ಯ ಅಂತ ಹೇಳಿಬಿಡಬಹುದಲ್ಲ ಅಂತಲೂ ಒಂದು ಕಾಲಕ್ಕೆ ಅಂದುಕೊಂಡಿದ್ದೆ. ಕೇಳಲು ಚೆನ್ನಾಗಿದೆ. ಆದರೆ ಆಕೆ ಭಟ್ಟಿಯನ್ನೂ ಮಾತಾಡಿಸುತ್ತಾರೆ. "ಉರಿಯೋ ನಮ್ಮಪ್ಪ, ಯಾಕೆ ಹಿಂಗ್ ಸತಾಯಿಸ್ತೀಯ." ಅದೇ ದನಿ, ಅದೇ ಅಕ್ಕರೆ.

ಇನ್ನು ಅತ್ತಿಗೆ. ನಮ್ಮ ಕಡೆ ಹೆಣ್ಣುಮಕ್ಕಳ ಬಗ್ಗೆ ಮಾತಾಡುವಾಗ "ಬಂತು", "ಹೋತು", "ಅದು" ಸಲೀಸು. ಪ್ರೀತಿಗೂ ಹಾಗೇ ಅನ್ನುತ್ತಾರೆ, ಸಸಾರಕ್ಕೂ ಹಾಗೇ ಅನ್ನುತ್ತಾರೆ. 24 ವರ್ಷದ, ಗಟ್ಟಿಮುಟ್ಟಾದ, ದಿನವಿಡೀ ಮಾತು ಬರುವ ಆಕೆಯನ್ನು ಆ ಮನೆಯಲ್ಲಿ ಗಂಡನೂ ಅತ್ತೆಯೂ ಕರೆಯುವುದು "ಅದು". "ಅದಕ್ಕೇನು ಗೊತ್ತು, ನನ್ನ ಕೇಳ್ರಿ." ತಮ್ಮನ ಕ್ರಿಯಾಪದಕ್ಕೆ ಕಿವಿಗೊಟ್ಟು ಕೂತಿದ್ದ ನನಗೆ ಇದು ಮೂರು ತಿಂಗಳು ಕೇಳಿಸಿರಲಿಲ್ಲ.

ಆ ರಾತ್ರಿ

ಹತ್ತನೇ ತಿಂಗಳು, ಸೆಪ್ಟೆಂಬರ್. ಟ್ಯೂಬಿನಲ್ಲಿ ಕೊಟ್ಟ ಗಂಜಿ ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿಯಿತು. ರಾತ್ರಿ 11ಕ್ಕೆ ಫೋನ್. ನಾನು ಹೋಗುವಷ್ಟರಲ್ಲಿ ಮೈ ಕೆಂಡ, ಬೆರಳಿಗೆ ಹಾಕಿದ ಮೀಟರಿನಲ್ಲಿ ಆಮ್ಲಜನಕ 82. ಆಸ್ಪತ್ರೆಗೆ ಸೇರಿಸಿದೆವು. ಡ್ಯೂಟಿ ಡಾಕ್ಟರು ಚಿಕ್ಕವರು, ಒರಟರಲ್ಲ. ಉಸಿರು ಸೋತರೆ ವೆಂಟಿಲೇಟರ್ ಹಾಕಬೇಕೋ ಬೇಡವೋ, ಮನೆಯವರು ಮಾತಾಡಿಕೊಳ್ಳಿ ಅಂದರು.

ಕಾರಿಡಾರಿನಲ್ಲಿ ಮಾತು ಶುರುವಾಯಿತು. ಅಣ್ಣ, ತಾಯಿ, ಹರಿಹರದಿಂದ ಓಡಿಬಂದ ಅಕ್ಕ ಮತ್ತು ಭಾವ, ಸೋದರಮಾವ. ನನ್ನನ್ನೂ ಕರೆದರು. ಮಾವ ಕೇಳಿದ ಮೊದಲ ಪ್ರಶ್ನೆ, "ಅವನಿಗೆ ತಿಳಿವಳಿಕೆ ಐತೋ ಇಲ್ಲೋ, ಅದೊಂದು ಹೇಳ್ರಿ." 23ಕ್ಕೆ 9 ಅಂತ ಹೇಳಲೇ? ಕನ್ನಡಿ ನೋಡುತ್ತಾನೆ ಅಂದೆ. "ನೋಡಿ ಇವನು ನಾನು ಅಂತ ಗೊತ್ತಾಗ್ತದಾ?" ಅದನ್ನು ಆ ಪರೀಕ್ಷೆ ಕೇಳುವುದಿಲ್ಲ.

ಕಾನೂನಿನಲ್ಲಿ ದಾರಿ ಇದೆ. ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟ್ 2018ರ ಮಾರ್ಚಿನಲ್ಲಿ ಹೇಳಿತು. ವಿಧಾನ ತೀರಾ ಜಟಿಲವಾಗಿದೆ ಅಂತ 2023ರಲ್ಲಿ ಸರಳ ಮಾಡಿತು. ಚೇತರಿಸುವ ಆಸೆಯಿಲ್ಲದವರ ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸಲು ಅಥವಾ ಶುರುಮಾಡದೇ ಇರಲು ಆಸ್ಪತ್ರೆಯಲ್ಲಿ ಮೂವರು ವೈದ್ಯರ ಒಂದು ಮಂಡಳಿ, ಅದರ ಮೇಲೆ ಮತ್ತೆ ಮೂವರ ಇನ್ನೊಂದು ಮಂಡಳಿ ಒಪ್ಪಬೇಕು. 2025ರ ಜನವರಿ ಕೊನೆಯಲ್ಲಿ ನಮ್ಮ ರಾಜ್ಯ ಸರ್ಕಾರವೂ ಇದನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ಆ ಆದೇಶದ ಸುದ್ದಿ ಬಂದಾಗ ದಾವಣಗೆರೆಯ ಹೆಸರೂ ಪತ್ರಿಕೆಗಳಲ್ಲಿ ಬಂತು. ಇಲ್ಲಿಯ ನಿವೃತ್ತ ಶಿಕ್ಷಕಿ ಎಚ್‌.ಬಿ. ಕರಿಬಸಮ್ಮ ಈ ಹಕ್ಕಿಗಾಗಿ ಎರಡು ದಶಕಕ್ಕೂ ಹೆಚ್ಚು ಕಾಲ ಪತ್ರ ಬರೆದು, ಕೋರ್ಟು ಕಚೇರಿ ಸುತ್ತಿದವರು. ಅವರ ಹೋರಾಟದಲ್ಲಿ ಒಂದು ಸ್ಪಷ್ಟತೆಯಿದೆ: ನನ್ನ ಸಾವಿನ ಮಾತು ನಾನು ಆಡುತ್ತೇನೆ ಅನ್ನುವುದು. ತಮ್ಮ ಅಂಥದ್ದೇನೂ ಬರೆದಿಟ್ಟಿರಲಿಲ್ಲ. 26 ವರ್ಷದ ಹಮಾಲ ಯಾಕೆ ಬರೆದಿಡುತ್ತಾನೆ?

ಭಾವ ಖರ್ಚಿನ ಮಾತೆತ್ತಿದ. ಅಕ್ಕ ಅತ್ತಳು. ಅಣ್ಣ "ಅವನು ಅವತ್ತೇ ಹೋಗ್ಯಾನೆ, ನಾವು ಹಿಡ್ಕಂಡು ಕುಂತೀವಿ" ಅಂದ. ನಿರ್ಜೀವ ಅಂತ ವಾದಿಸುವಾಗ ಬಾಯಿಗೆ ಬಂದದ್ದು "ಅವನು". ನಾನು ಅದನ್ನು ಗುರುತಿಸಿದೆ, ಆ ಹೊತ್ತಿನಲ್ಲೂ ವ್ಯಾಕರಣ ನೋಡುತ್ತಿರುವ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ತಾಯಿ ಒಂದೇ ಮಾತು ಹೇಳುತ್ತಿದ್ದರು: "ಉಸಿರಾಡ್ತಾನಲ್ಲ."

ನನಗೆ ಅರುಣಾ ಶಾನಭಾಗ ನೆನಪಾದರು. ಉತ್ತರ ಕನ್ನಡದ ಹಳದೀಪುರದವರು, ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. 1973ರ ನವೆಂಬರಿನಲ್ಲಿ ನಡೆದ ಹಲ್ಲೆಯಲ್ಲಿ ಮಿದುಳಿಗೆ ಹಾನಿಯಾಗಿ 2015ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೆ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಅವರಿಗೆ ಆಹಾರ ನಿಲ್ಲಿಸಿ ಬಿಡುಗಡೆ ಕೊಡಿ ಅಂತ ಅವರ ಬಗ್ಗೆ ಬರೆದಿದ್ದ ಪತ್ರಕರ್ತೆಯೊಬ್ಬರು ಕೋರ್ಟಿಗೆ ಹೋದಾಗ, 2011ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆಕೆಯ ಪರವಾಗಿ ಮಾತಾಡುವ ಹಕ್ಕು ಇಷ್ಟು ವರ್ಷ ಉಣಿಸಿ, ತೊಳೆದು, ಮಗ್ಗಲು ತಿರುಗಿಸಿದ ಆಸ್ಪತ್ರೆಯ ಸಿಬ್ಬಂದಿಗೆ ಸೇರಿದ್ದು ಅಂದಿತು. ಅವರಿಗೆ ಆಕೆ ಬದುಕಿರಬೇಕಿತ್ತು. ಅರುಣಾ ಯಾರು, ಏನು ಅನ್ನುವ ತತ್ವಕ್ಕಿಂತ, ಹಾಸಿಗೆ ಬದಲಿಸಿದವರು ಯಾರು ಅಂತ ನೋಡಿದ ಆ ಭಾಗ ನನಗೆ ಇವತ್ತಿಗೂ ಸರಿಯೆನಿಸುತ್ತದೆ.

ಆ ಲೆಕ್ಕದಲ್ಲಿ ನಾವು ಕೇಳಬೇಕಿದ್ದ ಜನ ಕಾರಿಡಾರಿನ ಗುಂಪಿನಲ್ಲಿ ಇರಲೇ ಇಲ್ಲ. ಅತ್ತಿಗೆ ಒಳಗೆ ಮಂಚದ ಪಕ್ಕ ನಿಂತು, ಕಫ ಹೀರಿ ತೆಗೆಯಲು ಸಕ್ಷನ್ ಮಾಡುವುದನ್ನು ನೋಡುತ್ತಿದ್ದಳು. ಹತ್ತು ತಿಂಗಳಲ್ಲಿ ಅವನ ಬೆನ್ನಿಗೆ ಒಂದೂ ಹುಣ್ಣಾಗಿರಲಿಲ್ಲ; ಈ ಕೆಲಸ ಗೊತ್ತಿರುವವರಿಗೆ ಅದರ ಅರ್ಥ ಗೊತ್ತು. ಹೋಗಿ ಕೇಳಿದೆ, "ನಿನಗೆ ಏನು ಅನ್ಸುತ್ತೆ?"

ಅವಳು ಬಹಳ ಹೊತ್ತು ಸುಮ್ಮನಿದ್ದಳು. "ನನಗಾ ಅಕ್ಕ?" ಅಂದಳು. ಆಮೇಲೆ, "ಅವೆಲ್ಲ ನಂಗೆ ತಿಳಿಯಲ್ಲ. ಸುಸ್ತಾಗೈತಿ. ಆದ್ರೆ ಹಿಂಗೆ ಉಸಿರು ಕಟ್ಟಿಸ್ಕಂಡು ಹೋಗೋದು ಬ್ಯಾಡ. ಕಫ ತೆಗೀಲಿ, ಜ್ವರಕ್ಕೆ ಔಷಧಿ ಕೊಡ್ಲಿ. ಮತ್ತೆ ಗಂಟಲಿಗೆ ಪೈಪು ಮಾತ್ರ ಹಾಕ್ಸಬ್ಯಾಡ್ರಿ. ಹೋದ್ ಸಲ ಪೈಪು ಇದ್ದಾಗ ಕಣ್ಣಾಗೆ ನೀರು ನಿಲ್ತಿರಲಿಲ್ಲ." ನಿಲ್ಲಿಸಿ, ಗಡಿಯಾರ ನೋಡಿ, "ಎರಡು ತಾಸಾತು, ಮಗ್ಗಲು ಬದಲಿಸ್ಬೇಕು, ಸಿಸ್ಟರ್‌ಗೆ ಹೇಳ್ರಿ" ಅಂದಳು.

ಕಣ್ಣೀರು ನರಗಳ ಕೆಲಸವೂ ಇರಬಹುದು, ಆ ಪರೀಕ್ಷೆಯಲ್ಲಿ ಅದಕ್ಕೆ ಅಂಕವಿಲ್ಲ. ನಾನು ಅವಳ ಮಾತನ್ನು ಅವಳ ಹೆಸರಿನಲ್ಲೇ ಹೊರಗೆ ಹೇಳಿದೆ. ಮಾವ "ಅದು ಹಂಗಂತಾ?" ಅಂದರು. ಆದರೆ ಅದರ ಮೇಲೆ ಯಾರೂ ಬೇರೆ ಮಾತು ಹೇಳಲಿಲ್ಲ. ಆಮ್ಲಜನಕ, ಆಂಟಿಬಯೋಟಿಕ್, ಕಫ ತೆಗೆಯುವುದು, ಅಷ್ಟು. ವೆಂಟಿಲೇಟರ್ ಬೇಡ ಅನ್ನುವುದಾದರೆ ಮಂಡಳಿಯ ಮುಂದೆ ಇಡಬೇಕು ಅಂತ ಬೆಳಿಗ್ಗೆ ದೊಡ್ಡ ಡಾಕ್ಟರು ಕಾಗದ ಸಿದ್ಧ ಮಾಡಿಸಿದರು. ಮಂಡಳಿ ಕೂಡುವ ಮುಂಚೆ, ಮೂರನೇ ದಿನ, ಜ್ವರ ಇಳಿಯಿತು. ಕಾಗದ ಫೈಲಿನಲ್ಲೇ ಉಳಿಯಿತು. 12ನೇ ದಿನ ಮನೆಗೆ.

ಈಗ

ಅಪಘಾತವಾಗಿ 14 ತಿಂಗಳು. ಮೂಗಿನ ಟ್ಯೂಬು ತೆಗೆದು ಹೊಟ್ಟೆಗೆ ನೇರ ಟ್ಯೂಬು ಹಾಕಿದ್ದಾರೆ. ಬುರುಡೆಯ ತುಂಡು ಹೊಟ್ಟೆಯಿಂದ ತಲೆಗೆ ವಾಪಸು ಬಂದಿದೆ, ತಾಯಿಗೆ ಮುಟ್ಟಲು ಅಲ್ಲಿ ಒಂದು ಗೆರೆ ಮಾತ್ರ ಉಳಿದಿದೆ. ಅಂಕ 8ರಿಂದ 10ರ ನಡುವೆ ಆಡುತ್ತದೆ. ಎಡಗಡೆ ಸದ್ದಾದರೆ ಒಮ್ಮೊಮ್ಮೆ ಆ ಕಡೆ ತಲೆ ಹೊರಳುತ್ತದೆ, ಭಟ್ಟಿಯ ಬಾಂಡ್ಲಿ ಸದ್ದಿಗೆ ಹೆಚ್ಚು. ಬ್ಯಾಂಕಿನ ದುಡ್ಡು ಬ್ಯಾಂಕಿನಲ್ಲೇ ಇದೆ.

ಅಂಗವಿಕಲರ ಪಿಂಚಣಿ ಅರ್ಜಿಗೆ ಹಚ್ಚಲು ನನ್ನಿಂದ ಒಂದು ಟಿಪ್ಪಣಿ ಕೇಳಿದ್ದರು. ಕಚೇರಿಯ ನಮೂನೆಯಲ್ಲಿ ಬರೆದೆ: "ಸದರಿಯವರು ಸಂಪೂರ್ಣವಾಗಿ ಹಾಸಿಗೆ ಹಿಡಿದಿರುತ್ತಾರೆ, ಸ್ವತಃ ಆಹಾರ ಸೇವಿಸಲು ಶಕ್ತರಿರುವುದಿಲ್ಲ." ಬರೆದು ಮುಗಿಸಿ ಓದಿಕೊಂಡಾಗ ನಗು ಬಂತು. ಜೀವಮಾನದಲ್ಲಿ ಮೊದಲ ಸಲ ಯಾರೋ ಅವನಿಗೆ ಬಹುವಚನ ಹಾಕಿದ್ದರು.

ಕಳೆದ ವಾರ ಅತ್ತಿಗೆ ತವರಿಗೆ ಹೋಗಿದ್ದಳು, ತಂಗಿಯ ಮದುವೆ, ನಾಲ್ಕು ದಿನ. ತಾಯಿಯ ಸೊಂಟ ಎತ್ತಲಾಗದ ಸ್ಥಿತಿಯಲ್ಲಿದೆ, ಮಗ್ಗಲು ಬದಲಿಸುವ ಕೆಲಸ ಅಣ್ಣನ ಮೇಲೆ ಬಿತ್ತು. ಮೊಬೈಲಿನಲ್ಲಿ ಎರಡು ತಾಸಿಗೊಂದು ಅಲಾರಂ ಇಟ್ಟುಕೊಂಡಿದ್ದ. ಎರಡನೇ ರಾತ್ರಿ 2 ಗಂಟೆಗೆ ಫೋನ್ ಮಾಡಿದ, ಎಡಕ್ಕೆ ತಿರುಗಿಸಿದರೆ ಕೆಮ್ಮು ಬರ್ತಾ ಐತಿ ಏನ್ಮಾಡ್ಲಿ ಅಂತ. ಬೆನ್ನಿಗೆ ದಿಂಬು ಕೊಟ್ಟು ತಲೆ ಕಡೆ ಎತ್ತರ ಮಾಡಲು ಹೇಳಿದೆ. ಅರ್ಧ ಗಂಟೆ ಬಿಟ್ಟು ವಾಟ್ಸಾಪಿನಲ್ಲಿ ದನಿ ಕಳಿಸಿದ್ದ. ಹಿಂದೆ ತಾಯಿಯ ಗೊರಕೆ ಕೇಳುತ್ತಿತ್ತು.

"ಮೇಡಂ, ಕೆಮ್ಮು ನಿಂತೈತಿ. ಜ್ವರ ಇಲ್ಲ. ಈಗ ಮಲಗೈತಿ. ನಾಳೆ ಹತ್ತಕ್ಕೆ ಬರ್ರಿ ಮತ್ತೆ, ಕಾಯ್ತಿರ್ತಾನೆ."